ಕರೆಂಟ್ ನಿಂತ ಮೇಲೆ ಟ್ರಿಪ್ ಆದ ಇನ್‌ಕಮರ್: ರಿಲೇ ರೀಸೆಟ್ ಸಮಯದ ಒಂದು ಪ್ರಕರಣ

ಒಂದು 11 ಕೆವಿ ಸಬ್‌ಸ್ಟೇಷನ್. 12.5 ಎಂವಿಎ ಟ್ರಾನ್ಸ್‌ಫಾರ್ಮರ್ ಒಂದು, ಅದರಿಂದ ಬಸ್‌ಬಾರ್‌ಗೆ (ಎಲ್ಲ ಸಂಪರ್ಕಗಳೂ ಸೇರುವ ಲೋಹದ ಪಟ್ಟಿಗೆ) ಬರುವ ಇನ್‌ಕಮರ್ ಒಂದು, ಬಸ್‌ನಿಂದ ಹೊರಡುವ ಫೀಡರ್ ಐದು. ಐದೂ ಕೇಬಲ್ ಫೀಡರ್‌ಗಳೇ. ಅವುಗಳಲ್ಲಿ ಒಂದರ ಕೇಬಲ್ ಜಾಯಿಂಟ್‌ನಲ್ಲಿ ಅರ್ಥ್ ಫಾಲ್ಟ್ ಆಯಿತು, ಅಂದರೆ ಕರೆಂಟ್ ನೆಲಕ್ಕೆ ಹರಿಯಿತು. ಆ ಒಂದು ಫೀಡರ್‌ನ ಬ್ರೇಕರ್ ತೆರೆದುಕೊಂಡು, ಉಳಿದ ನಾಲ್ಕು ನಡೆಯುತ್ತಾ ಇರಬೇಕಿತ್ತು. ಆದರೆ ಫೀಡರ್ ಬ್ರೇಕರ್ ಅಲುಗಾಡಲೇ ಇಲ್ಲ. ಇನ್‌ಕಮರ್ ಟ್ರಿಪ್ ಆಯಿತು, ಐದೂ ಫೀಡರ್‌ಗಳಿಗೆ ಕರೆಂಟ್ ಹೋಯಿತು.

ಇಲ್ಲಿನ ಅಂಕಿಗಳು ಲೆಕ್ಕ ಹಿಡಿಯಲು ಸುಲಭ ಆಗಲಿ ಅಂತ ನಾನೇ ಜೋಡಿಸಿದವು. ಇದು ಯಾವುದೋ ಒಂದು ಸಬ್‌ಸ್ಟೇಷನ್‌ನ ವರದಿಯಲ್ಲ. ಫಾಲ್ಟ್ ಗುರುತಿಸಿ ಬ್ರೇಕರ್‌ಗೆ ತೆರೆಯಲು ಹೇಳುವ ಉಪಕರಣವೇ ರಿಲೇ. ಹಳೇ ರಿಲೇ ಮತ್ತು ಹೊಸ ರಿಲೇ ಒಂದೇ ಬಸ್ ಮೇಲೆ ಕೆಲಸ ಮಾಡುವ ಕಡೆಯಲ್ಲೆಲ್ಲ ಹೀಗೆ ಆಗಬಹುದು. ಅದಕ್ಕೇ ಇದನ್ನು ಪೂರ್ತಿ ಬಿಡಿಸಿ ನೋಡುವುದು ಒಳ್ಳೆಯದು.

ಸೆಟ್ಟಿಂಗ್‌ಗಳು ಹೀಗಿದ್ದವು

ಟ್ರಾನ್ಸ್‌ಫಾರ್ಮರ್‌ನ ನ್ಯೂಟ್ರಲ್‌ಗೆ ಸುಮಾರು 8 ಓಂ ರೆಸಿಸ್ಟರ್ ಹಾಕಿ ಅರ್ಥ್ ಮಾಡಿದ್ದಾರೆ. ಹಾಗಾಗಿ ಅರ್ಥ್ ಫಾಲ್ಟ್ ಕರೆಂಟ್ 800 ಆಂಪಿಯರ್‌ಗಿಂತ ಜಾಸ್ತಿ ಹೋಗುವುದಿಲ್ಲ.

ಫೀಡರ್‌ನ ಸಿಟಿ (ಕರೆಂಟ್ ಅನ್ನು ರಿಲೇಗೆ ತಕ್ಕಷ್ಟು ಇಳಿಸಿ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) 400/1. ಅರ್ಥ್ ಫಾಲ್ಟ್ ಪಿಕಪ್ (ರಿಲೇ ಲೆಕ್ಕ ಶುರು ಮಾಡುವ ಕರೆಂಟ್) 20 ಶೇಕಡಾ, ಅಂದರೆ 80 ಆಂಪಿಯರ್. ಟೈಮ್ ಮಲ್ಟಿಪ್ಲೈಯರ್ (ಟ್ರಿಪ್ ಸಮಯವನ್ನು ಹಿಗ್ಗಿಸಿ ಕುಗ್ಗಿಸುವ ಗುಣಕ) 0.15. ಇನ್‌ಕಮರ್‌ನ ಸಿಟಿ 800/1, ಅಲ್ಲೂ ಪಿಕಪ್ 20 ಶೇಕಡಾ, ಅಂದರೆ 160 ಆಂಪಿಯರ್. ಟೈಮ್ ಮಲ್ಟಿಪ್ಲೈಯರ್ 0.2. ಎರಡರಲ್ಲೂ ಕರ್ವ್ ಒಂದೇ, ಐಇಸಿ ಸ್ಟ್ಯಾಂಡರ್ಡ್ ಇನ್ವರ್ಸ್, ಅಂದರೆ ಕರೆಂಟ್ ಹೆಚ್ಚಿದಷ್ಟೂ ಬೇಗ ಟ್ರಿಪ್.

ಈ ಕರ್ವ್‌ನ ಲೆಕ್ಕ ಗೊತ್ತಿರುವಂಥದ್ದೇ. ಕರೆಂಟ್ ಪಿಕಪ್‌ನ ಎಷ್ಟು ಪಟ್ಟು ಅಂತ ನೋಡಿ, ಅದನ್ನು 0.02ರ ಘಾತಕ್ಕೆ ಏರಿಸಿ, 1 ಕಳೆಯಬೇಕು. ಉಳಿದದ್ದರಿಂದ 0.14 ಅನ್ನು ಭಾಗಿಸಿ ಟೈಮ್ ಮಲ್ಟಿಪ್ಲೈಯರ್‌ನಿಂದ ಗುಣಿಸಿದರೆ ಸೆಕೆಂಡ್ ಸಿಗುತ್ತದೆ. 800 ಆಂಪಿಯರ್ ಫೀಡರ್‌ಗೆ 10 ಪಟ್ಟು. ಸಮಯ 0.446 ಸೆಕೆಂಡ್. ಇನ್‌ಕಮರ್‌ಗೆ ಅದೇ ಕರೆಂಟ್ 5 ಪಟ್ಟು. ಸಮಯ 0.856 ಸೆಕೆಂಡ್. ನಡುವೆ 0.41 ಸೆಕೆಂಡ್ ಅಂತರ. ಬ್ರೇಕರ್ ತೆರೆಯುವ ಸಮಯ, ರಿಲೇಗಳ ತಪ್ಪು, ಹಳೇ ರಿಲೇಯೊಳಗಿನ ಡಿಸ್ಕ್‌ನ ಓವರ್‌ಶೂಟ್ (ಕರೆಂಟ್ ನಿಂತ ಮೇಲೂ ಸ್ವಲ್ಪ ಮುಂದಕ್ಕೆ ಓಡುವುದು) ಎಲ್ಲ ಸೇರಿಸಿದರೂ ಇದು ಸಾಕಾಗುವ ಅಂತರ. ಯಾವ ಬ್ರೇಕರ್ ಮೊದಲು, ಯಾವುದು ಆಮೇಲೆ ಅಂತ ಸಮಯ ಹೊಂದಿಸುವುದೇ ಗ್ರೇಡಿಂಗ್. ಅದರ ಹಾಳೆ ಮುಂದಿಟ್ಟುಕೊಂಡು ಯಾರು ಪರಿಶೀಲಿಸಿದರೂ ಸರಿ ಅಂತ ಸಹಿ ಹಾಕುತ್ತಾರೆ.

ಇಲ್ಲೊಂದು ಹಿನ್ನೆಲೆ ಇದೆ. ಮೊದಲು ಎಲ್ಲ ಪ್ಯಾನಲ್‌ಗಳಲ್ಲೂ ಇಂಡಕ್ಷನ್ ಡಿಸ್ಕ್ ರಿಲೇಗಳೇ (ತಿರುಗುವ ಲೋಹದ ತಟ್ಟೆಯಿಂದ ಸಮಯ ಅಳೆಯುವ ಹಳೇ ರಿಲೇಗಳು) ಇದ್ದವು. ನವೀಕರಣದ ಮೊದಲ ಹಂತದಲ್ಲಿ ಐದು ಫೀಡರ್‌ಗಳಿಗೂ ನ್ಯೂಮರಿಕಲ್ ರಿಲೇ (ಪ್ರೊಸೆಸರ್‌ನಲ್ಲಿ ಲೆಕ್ಕ ಮಾಡುವ ಹೊಸ ರಿಲೇ) ಬಂತು. ಇನ್‌ಕಮರ್ ಮುಂದಿನ ಹಂತಕ್ಕೆ ಉಳಿಯಿತು. ಹಳೇ ಸೆಟ್ಟಿಂಗ್ ಹಾಳೆಯಲ್ಲಿದ್ದ ಪಿಕಪ್, ಕರ್ವ್, ಟೈಮ್ ಮಲ್ಟಿಪ್ಲೈಯರ್ ಮೂರನ್ನೂ ಹಾಗೇ ಹೊಸ ರಿಲೇಗೆ ಹಾಕಿದರು. ಹೊಸ ರಿಲೇಯಲ್ಲಿ ಹಳೇ ಹಾಳೆಯಲ್ಲಿ ಇಲ್ಲದ ಇನ್ನೊಂದು ಸಾಲಿತ್ತು: ರೀಸೆಟ್ ಬಗೆ, ರೀಸೆಟ್ ಸಮಯ. ಅದು ಕಾರ್ಖಾನೆಯಿಂದ ಬಂದ ಹಾಗೇ ಡೆಫಿನಿಟ್ ಟೈಮ್, 0 ಸೆಕೆಂಡ್ ಎಂದೇ ಉಳಿಯಿತು. ಕರೆಂಟ್ ಪಿಕಪ್‌ಗಿಂತ ಕೆಳಗಿಳಿದ ಕೂಡಲೇ ಲೆಕ್ಕ ಸೊನ್ನೆಗೆ ಹೋಗಲಿ ಅನ್ನುವುದು ಅದರ ಅರ್ಥ.

ಮೊದಲ ತನಿಖೆ ಎಲ್ಲಿ ನಿಂತಿತು

ಇನ್‌ಕಮರ್ ರಿಲೇಯ ಅರ್ಥ್ ಫಾಲ್ಟ್ ಫ್ಲ್ಯಾಗ್ ಬಿದ್ದಿತ್ತು. ಯಾವ ಫೀಡರ್‌ನಲ್ಲೂ ಟ್ರಿಪ್ ಸೂಚನೆ ಇಲ್ಲ. ಇಂಥ ಚಿತ್ರ ಕಂಡರೆ ಯಾರಿಗಾದರೂ ಮೊದಲು ಬರುವ ಅನುಮಾನ ಬಸ್‌ಬಾರ್ ಮೇಲೆ. ಬಸ್‌ಬಾರ್ ಪರೀಕ್ಷೆ ಆಯಿತು, ಏನೂ ಸಿಗಲಿಲ್ಲ. ಆಮೇಲೆ ಅನುಮಾನ ಹಳೇ ರಿಲೇ ಮೇಲೆ ತಿರುಗಿತು. ಸೆಕೆಂಡರಿ ಇಂಜೆಕ್ಷನ್ ಕಿಟ್ (ರಿಲೇಗೆ ನೇರವಾಗಿ ಪರೀಕ್ಷಾ ಕರೆಂಟ್ ಕೊಡುವ ಉಪಕರಣ) ತಂದು 1 ಆಂಪಿಯರ್ ಕೊಟ್ಟು ನೋಡಿದರು. ಸುಮಾರು 0.86 ಸೆಕೆಂಡ್‌ಗೆ ಟ್ರಿಪ್. ಹಳೇದಾದರೂ ಸರಿಯಾಗಿಯೇ ಇದೆ. ಫೀಡರ್ ರಿಲೇಗೆ 2 ಆಂಪಿಯರ್ ಕೊಟ್ಟರು. 0.45ಕ್ಕೆ ಟ್ರಿಪ್. ಅದೂ ಸರಿ.

ಎರಡೂ ರಿಲೇ ಸರಿ, ಗ್ರೇಡಿಂಗ್ ಸರಿ, ಆದರೂ ತಪ್ಪು ಬ್ರೇಕರ್ ತೆರೆದಿದೆ. ಈ ಹಂತದಲ್ಲಿ ಎಷ್ಟೋ ತನಿಖೆಗಳು "ಕಾರಣ ತಿಳಿಯಲಿಲ್ಲ, ಗಮನಿಸುತ್ತಿರಬೇಕು" ಅಂತ ಮುಗಿದುಬಿಡುತ್ತವೆ. ಇಲ್ಲಿ ಹಾಗಾಗದಂತೆ ತಡೆದದ್ದು ಫೀಡರ್ ರಿಲೇಯ ಇವೆಂಟ್ ಲಾಗ್. ಅದರಲ್ಲಿ ಟ್ರಿಪ್ ಇರಲಿಲ್ಲ, ನಿಜ. ಆದರೆ ಅರ್ಥ್ ಫಾಲ್ಟ್ ಸ್ಟಾರ್ಟ್, ರೀಸೆಟ್, ಮತ್ತೆ ಸ್ಟಾರ್ಟ್, ಮತ್ತೆ ರೀಸೆಟ್ ಅಂತ ಒಂದರ ಹಿಂದೆ ಒಂದು ಸಾಲು ಬಿದ್ದಿತ್ತು.

ಡಿಸ್ಟರ್ಬೆನ್ಸ್ ರೆಕಾರ್ಡ್ ತೆರೆದಾಗ ಕರೆಂಟ್‌ನ ಚಿತ್ರ ಸ್ಪಷ್ಟ ಆಯಿತು. 800 ಆಂಪಿಯರ್ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಕೊನೆಯ ಆರು ಹೊಡೆತಗಳು ಹೀಗಿದ್ದವು:

ಮೊದಲನೆಯದು 0.20 ಸೆಕೆಂಡ್, ಆಮೇಲೆ 0.90 ಬಿಡುವು
ಎರಡನೆಯದು 0.25, ಬಿಡುವು 0.50
ಮೂರನೆಯದು 0.28, ಬಿಡುವು 0.40
ನಾಲ್ಕನೆಯದು 0.30, ಬಿಡುವು 0.35
ಐದನೆಯದು 0.33, ಬಿಡುವು 0.30
ಆರನೆಯದು 0.36, ಆಮೇಲೆ ಬಸ್ ವೋಲ್ಟೇಜೇ ಇಲ್ಲ

ಅದಕ್ಕೂ ಮೊದಲು ಇನ್ನೂ ಚಿಕ್ಕ ಹೊಡೆತಗಳು, ಇನ್ನೂ ಉದ್ದದ ಬಿಡುವುಗಳು ಇದ್ದವು. ಪ್ಲಾಸ್ಟಿಕ್ ಇನ್ಸುಲೇಷನ್ ಇರುವ ಕೇಬಲ್‌ನಲ್ಲಿ ಇದು ಗೊತ್ತಿರುವ ನಡವಳಿಕೆ. ಫಾಲ್ಟ್‌ನ ಬಿಸಿಗೆ ಇನ್ಸುಲೇಷನ್ ಕರಗುತ್ತದೆ, ಕರಗಿದ್ದು ತೂತನ್ನು ಮತ್ತೆ ಮುಚ್ಚುತ್ತದೆ, ಕರೆಂಟ್ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಜಾಗ ಮತ್ತೆ ಒಡೆಯುತ್ತದೆ. ಪ್ರತಿ ಸಲವೂ ಹೊಡೆತ ಉದ್ದ ಆಗುತ್ತಾ, ಬಿಡುವು ಚಿಕ್ಕದಾಗುತ್ತಾ ಹೋಗಿ, ಕೊನೆಗೆ ಫಾಲ್ಟ್ ಶಾಶ್ವತ ಆಗುತ್ತದೆ. ನಮ್ಮ ಆರು ಸಾಲುಗಳಲ್ಲಿ ಅದೇ ಏರಿಳಿತ ಕಾಣುತ್ತದೆ ಅಲ್ವಾ?

ಒಂದೇ ಕರೆಂಟ್, ಎರಡು ನೆನಪು

ಫೀಡರ್ ರಿಲೇ ಕಡೆಯಿಂದ ನೋಡಿ. ಟ್ರಿಪ್ ಆಗಲು ಅದಕ್ಕೆ 0.446 ಸೆಕೆಂಡ್ ಒಂದೇ ಸಮ ಕರೆಂಟ್ ಬೇಕು. ಮೊದಲ ಹೊಡೆತಕ್ಕೆ ಅದರ ಲೆಕ್ಕ 45 ಶೇಕಡಾ ತುಂಬಿತು. ಕರೆಂಟ್ ನಿಂತಿತು, ಲೆಕ್ಕ ಸೊನ್ನೆ. ಎರಡನೆಯದಕ್ಕೆ 56, ಮತ್ತೆ ಸೊನ್ನೆ. ಆರನೆಯದು ಎಲ್ಲಕ್ಕಿಂತ ಉದ್ದ, ಅದಕ್ಕೂ 81 ಶೇಕಡಾ ಮಾತ್ರ. ಈ ರಿಲೇ ಪ್ರತಿ ಹೊಡೆತವನ್ನೂ ಹೊಸ ಫಾಲ್ಟ್ ಅಂತಲೇ ತಿಳಿಯಿತು. ಅದು ಕೆಟ್ಟಿಲ್ಲ, ಹೇಳಿದ ಹಾಗೇ ಕೆಲಸ ಮಾಡಿದೆ.

ಇನ್‌ಕಮರ್‌ನಲ್ಲಿ ಇರುವುದು ಲೋಹದ ಡಿಸ್ಕ್. ಕರೆಂಟ್ ಪಿಕಪ್ ದಾಟಿದರೆ ಡಿಸ್ಕ್ ಕಾಂಟ್ಯಾಕ್ಟ್ ಕಡೆಗೆ ತಿರುಗುತ್ತದೆ. ಕರೆಂಟ್ ನಿಂತರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಆದರೆ ಡಿಸ್ಕ್‌ನ ಅಂಚು ಪರ್ಮನೆಂಟ್ ಮ್ಯಾಗ್ನೆಟ್‌ನ ಬಾಯಿಯಲ್ಲಿ ಹಾದುಹೋಗುವುದರಿಂದ ಅದು ಸಟ್ಟನೆ ವಾಪಸ್ ಬರಲಾರದು. ನಿಧಾನಕ್ಕೆ ಬರುತ್ತದೆ. ಮುಂದಕ್ಕೆ ಹೋಗುವಾಗ ಸಮಯ ಕೊಡುವ ಮ್ಯಾಗ್ನೆಟ್ಟೇ ಹಿಂದಕ್ಕೆ ಬರುವಾಗಲೂ ಅದನ್ನು ಹಿಡಿಯುತ್ತದೆ.

ನಮ್ಮ ಪ್ರಕರಣದ ಡಿಸ್ಕ್, ಟೈಮ್ ಮಲ್ಟಿಪ್ಲೈಯರ್ 1 ಇದ್ದಾಗ, ಕರೆಂಟ್ ಇಲ್ಲದೆ ಪೂರ್ತಿ ಹಿಂದಕ್ಕೆ ಬರಲು 10 ಸೆಕೆಂಡ್ ತೆಗೆದುಕೊಳ್ಳುತ್ತದೆ ಅಂತ ಇಟ್ಟುಕೊಳ್ಳೋಣ. 0.2ಕ್ಕೆ ಸೆಟ್ ಮಾಡಿದರೆ ದಾರಿ ಐದನೇ ಒಂದು ಭಾಗ, ಹಾಗಾಗಿ 2 ಸೆಕೆಂಡ್. ಅಂದರೆ 800 ಆಂಪಿಯರ್ ಇದ್ದಾಗ ಸೆಕೆಂಡ್‌ಗೆ ಸುಮಾರು 117 ಶೇಕಡಾ ಮುಂದಕ್ಕೆ, ಕರೆಂಟ್ ಇಲ್ಲದಾಗ ಸೆಕೆಂಡ್‌ಗೆ 50 ಶೇಕಡಾ ಹಿಂದಕ್ಕೆ.

ಈಗ ಆರು ಹೊಡೆತಗಳನ್ನು ಈ ಡಿಸ್ಕ್ ಮೇಲೆ ಓಡಿಸಿ. ಮೊದಲ ಹೊಡೆತಕ್ಕೆ 23 ಶೇಕಡಾ ಹೋಯಿತು. 0.9 ಸೆಕೆಂಡ್ ಬಿಡುವಿನಲ್ಲಿ ಪೂರ್ತಿ ವಾಪಸ್ ಬಂತು. ಎರಡನೆಯದಕ್ಕೆ 29ಕ್ಕೆ ಹೋಗಿ 4ಕ್ಕೆ ಬಂತು. ಸೊನ್ನೆಗೆ ಬರಲಿಲ್ಲ, ಕಥೆ ಇಲ್ಲಿಂದ ಶುರು. ಮೂರನೆಯದು 37ಕ್ಕೆ ಏರಿಸಿತು, 17ಕ್ಕೆ ಇಳಿಯಿತು. ನಾಲ್ಕನೆಯದು 52ಕ್ಕೆ ಏರಿಸಿತು, 34ಕ್ಕೆ ಇಳಿಯಿತು. ಐದನೆಯದು 73ಕ್ಕೆ, ಮತ್ತೆ 58ಕ್ಕೆ. ಆರನೆಯದರ 0.36 ಸೆಕೆಂಡ್ ಇನ್ನು 42 ಶೇಕಡಾ ಕೊಟ್ಟಿತು. 58 ಮತ್ತು 42 ಸೇರಿದರೆ 100. ಕಾಂಟ್ಯಾಕ್ಟ್ ಮುಚ್ಚಿತು.

ಡಿಸ್ಕ್‌ಗೆ ತೂಕ ಇದೆ. ಕರೆಂಟ್ ಬಂದಾಗ ಹೊರಡಲು ಸ್ವಲ್ಪ ತಡ, ಕರೆಂಟ್ ನಿಂತಾಗ ನಿಲ್ಲಲೂ ಸ್ವಲ್ಪ ತಡ. ಎರಡೂ ಹೆಚ್ಚುಕಡಿಮೆ ಸರಿದೂಗುತ್ತವೆ, ಅದಕ್ಕೇ ಮೇಲಿನ ಲೆಕ್ಕದಲ್ಲಿ ಅವನ್ನು ಬಿಟ್ಟಿದ್ದೇನೆ. ಆದರೆ ಕೊನೆಯ ಹೊಡೆತದಲ್ಲಿ ಆ ತಡ ಕಣ್ಣಿಗೆ ಬೀಳುತ್ತದೆ. ಆರನೇ ಹೊಡೆತದ ಕರೆಂಟ್ ನಿಂತ ಮೇಲೆ ಡಿಸ್ಕ್ ತನ್ನ ಓಟದಲ್ಲೇ ಕೊನೆಯ ಚೂರು ದಾರಿ ಮುಗಿಸಿ ಕಾಂಟ್ಯಾಕ್ಟ್ ಮುಟ್ಟಿತು. ರೆಕಾರ್ಡ್‌ನಲ್ಲಿ ನೋಡಿದರೆ ಇನ್‌ಕಮರ್‌ಗೆ ಟ್ರಿಪ್ ಆಜ್ಞೆ ಹೋದ ಕ್ಷಣದಲ್ಲಿ ಫಾಲ್ಟ್ ಕರೆಂಟೇ ಇಲ್ಲ. ಮೊದಲು ನೋಡಿದವರಿಗೆ "ಸುಮ್ನೆ ಟ್ರಿಪ್ ಆಗಿದೆ" ಅನ್ನಿಸಿದ್ದು ಇದಕ್ಕೇ. ಸುಮ್ನೆ ಆದದ್ದಲ್ಲ. ಮೂರು ಸೆಕೆಂಡ್‌ನ ಹಿಂದಿನಿಂದ ಕೂಡಿಟ್ಟುಕೊಂಡು ಬಂದದ್ದು.

ಹಳೇ ವ್ಯವಸ್ಥೆಯಲ್ಲಿ ಇದೇ ಹೊಡೆತಗಳು ಬಂದಿದ್ದರೆ ಫೀಡರ್‌ನ ಡಿಸ್ಕ್ ಕೂಡ ಹೀಗೇ ಕೂಡಿಟ್ಟುಕೊಂಡು ಮೊದಲೇ ಟ್ರಿಪ್ ಆಗುತ್ತಿತ್ತು. ರೀಸೆಟ್ ಬಗ್ಗೆ ಆಗ ಯಾರೂ ಲೆಕ್ಕ ಹಾಕಿರಲಿಲ್ಲ, ಹಾಕಬೇಕಾದ ಅಗತ್ಯವೂ ಬಂದಿರಲಿಲ್ಲ. ಎರಡೂ ಒಂದೇ ಬಗೆಯ ಡಿಸ್ಕ್ ಆದ್ದರಿಂದ ಹಿಮ್ಮುಖದ ಹೊಂದಾಣಿಕೆ ತಾನಾಗಿಯೇ ಇತ್ತು. ಅರ್ಧ ಬದಲಾಯಿಸಿದಾಗ ಅದು ಹೋಯಿತು.

ಪುಸ್ತಕದಲ್ಲಿ ಏನಿದೆ

ಐಇಇಇ ಸಿ37.112 ಮಾನಕ 1996ರಲ್ಲಿ ಬಂತು, 2018ರಲ್ಲಿ ಪರಿಷ್ಕರಣೆ ಆಯಿತು. ಡಿಸ್ಕ್ ಹಿಂದಕ್ಕೆ ಬರುವುದನ್ನೂ ಅದು ಸೂತ್ರಕ್ಕೆ ಇಳಿಸಿದೆ. ಕರ್ವ್‌ಗೆ ಒಂದು ರೀಸೆಟ್ ಸ್ಥಿರಾಂಕ ಕೊಡುತ್ತದೆ: ಮಾಡರೇಟ್ಲಿ ಇನ್ವರ್ಸ್‌ಗೆ 4.85, ವೆರಿ ಇನ್ವರ್ಸ್‌ಗೆ 21.6, ಎಕ್ಸ್‌ಟ್ರೀಮ್ಲಿ ಇನ್ವರ್ಸ್‌ಗೆ 29.1. ಇದನ್ನು ಟೈಮ್ ಡಯಲ್‌ನಿಂದ (ಟೈಮ್ ಮಲ್ಟಿಪ್ಲೈಯರ್‌ನಂಥದ್ದೇ) ಗುಣಿಸಿ, 1ರಿಂದ ಕರೆಂಟ್ ಪಟ್ಟಿನ ವರ್ಗ ಕಳೆದು ಬಂದದ್ದರಿಂದ ಭಾಗಿಸಬೇಕು. ಐಇಸಿ 60255-151 ಕೂಡ ಈ ಮೂರು ಕರ್ವ್‌ಗಳನ್ನು ತೆಗೆದುಕೊಂಡಿದೆ. ಆದರೆ ಐಇಸಿಯ ಸ್ವಂತ ಎ, ಬಿ, ಸಿ ಕರ್ವ್‌ಗಳಿಗೆ, ಅಂದರೆ ಸ್ಟ್ಯಾಂಡರ್ಡ್, ವೆರಿ, ಎಕ್ಸ್‌ಟ್ರೀಮ್ಲಿ ಇನ್ವರ್ಸ್‌ಗಳಿಗೆ, ಅದು ಸ್ಥಿರಾಂಕ ಕೊಟ್ಟಿಲ್ಲ. ಇನ್ವರ್ಸ್ ರೀಸೆಟ್ ಇದ್ದರೆ ಅದರ ವಿವರ ತಯಾರಕರೇ ಹೇಳಬೇಕು. ನಾವು ಬಳಸುತ್ತಿರುವುದು ಇದೇ ಎ ಕರ್ವ್. ಹಾಗಾಗಿ ಎರಡು ಕಂಪನಿಯ ರಿಲೇಗಳಲ್ಲಿ ಕರ್ವ್‌ನ ಹೆಸರು ಒಂದೇ ಇದ್ದರೂ ರೀಸೆಟ್ ಒಂದೇ ಇರುತ್ತದೆ ಅಂತ ನಂಬಿ ಕೂರಬಾರದು.

ಆ ಛೇದದಲ್ಲಿರುವ ಕರೆಂಟ್‌ನ ವರ್ಗದ ಮಾತು ಸುಲಭಕ್ಕೆ ಮರೆತುಹೋಗುತ್ತದೆ. ಅರ್ಥ್ ಫಾಲ್ಟ್ ಎಲಿಮೆಂಟ್‌ಗೆ ಬಿಡುವಿನಲ್ಲಿ ಕಾಣುವ ಕರೆಂಟ್ ಹೆಚ್ಚುಕಡಿಮೆ ಸೊನ್ನೆ. ಫೇಸ್ ಓವರ್‌ಕರೆಂಟ್ ಎಲಿಮೆಂಟ್‌ಗೆ (ರಿಲೇಯಲ್ಲಿ ಫೇಸ್ ತಂತಿಗಳ ಕರೆಂಟ್ ನೋಡುವ ಭಾಗಕ್ಕೆ) ಹಾಗಲ್ಲ, ಬಿಡುವಿನಲ್ಲೂ ಲೋಡ್ ಕರೆಂಟ್ ಹರಿಯುತ್ತಲೇ ಇರುತ್ತದೆ. ಲೋಡ್ ಪಿಕಪ್‌ನ 60 ಶೇಕಡಾ ಇದ್ದರೆ ರೀಸೆಟ್‌ಗೆ 1.56 ಪಟ್ಟು ಸಮಯ ಬೇಕು. 90 ಶೇಕಡಾ ಇದ್ದರೆ ಐದು ಪಟ್ಟಿಗೂ ಜಾಸ್ತಿ. ಭಾರಿ ಲೋಡ್‌ನಲ್ಲಿ ಓಡುತ್ತಿರುವ ಇನ್‌ಕಮರ್‌ನ ಡಿಸ್ಕ್ ಒಮ್ಮೆ ಮುಂದಕ್ಕೆ ಹೋದರೆ ವಾಪಸ್ ಬರುವುದಕ್ಕೆ ಮನಸ್ಸೇ ಮಾಡುವುದಿಲ್ಲ. ಈ ಪ್ರಕರಣ ಫೇಸ್ ಫಾಲ್ಟ್ ಆಗಿದ್ದರೆ ಇನ್‌ಕಮರ್ ಇನ್ನೂ ಬೇಗ ಹೋಗಬಹುದಿತ್ತು.

ರೀಸೆಟ್ ರೇಷಿಯೋ ಬೇರೆ, ರೀಸೆಟ್ ಟೈಮ್ ಬೇರೆ. ಎಷ್ಟು ಕರೆಂಟ್‌ಗೆ ಇಳಿದರೆ ರಿಲೇ ಬಿಡುತ್ತದೆ ಅನ್ನುವುದು ಮೊದಲನೆಯದು, ಬಿಟ್ಟ ಮೇಲೆ ಮೊದಲಿನ ಸ್ಥಿತಿಗೆ ಬರಲು ಎಷ್ಟು ಹೊತ್ತು ಅನ್ನುವುದು ಎರಡನೆಯದು. ಪರೀಕ್ಷಾ ವರದಿಗಳಲ್ಲಿ ಮೊದಲನೆಯದು ಬರೆದು ಎರಡನೆಯದನ್ನೂ ನೋಡಿದ ಹಾಗೆ ಬಿಟ್ಟಿರುತ್ತಾರೆ.

ಮೂರು ದಾರಿ

ಇನ್‌ಕಮರ್‌ಗೂ ನ್ಯೂಮರಿಕಲ್ ರಿಲೇ ಹಾಕಿ, ಅದಕ್ಕೂ 0 ಸೆಕೆಂಡ್ ರೀಸೆಟ್ ಕೊಡುವುದು ಒಂದು ದಾರಿ. ಗ್ರೇಡಿಂಗ್ ಚೊಕ್ಕ ಆಗುತ್ತದೆ. ಆದರೆ ಯಾವ ರಿಲೇಗೂ ನೆನಪಿಲ್ಲದಿದ್ದರೆ ಹೊಡೆತ 0.446 ಸೆಕೆಂಡ್ ಉದ್ದ ಆಗುವ ತನಕ ಜಾಯಿಂಟ್ ಸುಡುತ್ತಲೇ ಇರುತ್ತದೆ. ನನಗೆ ಇದು ಒಪ್ಪಿಗೆ ಇಲ್ಲ. ತಪ್ಪು ಬ್ರೇಕರ್ ತೆರೆಯದ ಹಾಗೆ ಮಾಡುವುದಷ್ಟೇ ರಕ್ಷಣೆಯಲ್ಲ, ಸರಿಯಾದ ಬ್ರೇಕರ್ ತೆರೆಯಬೇಕು.

ಎರಡನೇ ದಾರಿ ಫೀಡರ್ ರಿಲೇಯಲ್ಲಿ ಡೆಫಿನಿಟ್ ಟೈಮ್ ರೀಸೆಟ್ ಇಟ್ಟು, ಸೊನ್ನೆಯ ಬದಲು ಒಂದು ಸಮಯ ಕೊಡುವುದು. ಅಷ್ಟು ಹೊತ್ತು ಲೆಕ್ಕ ಇದ್ದಲ್ಲೇ ನಿಂತಿರುತ್ತದೆ, ಆಮೇಲೆ ಸೊನ್ನೆಗೆ ಬೀಳುತ್ತದೆ. 0.6 ಸೆಕೆಂಡ್ ಕೊಟ್ಟರೆ ಈ ರೆಕಾರ್ಡ್‌ಗೆ ಚೆನ್ನಾಗಿ ಹೊಂದುತ್ತದೆ. ಎರಡನೇ ಹೊಡೆತದ 56 ಶೇಕಡಾ ಉಳಿದು, ಮೂರನೆಯದು ಶುರುವಾಗಿ 0.2 ಸೆಕೆಂಡ್ ಆಗುವುದರೊಳಗೆ ಟ್ರಿಪ್. ಆದರೆ ಒಂದೇ ರೆಕಾರ್ಡ್‌ಗೆ ತಕ್ಕ ಹಾಗೆ ಸೆಟ್ಟಿಂಗ್ ಹೊಲಿಯುವುದು ಅಪಾಯ. 0.35 ಸೆಕೆಂಡ್ ಹೊಡೆತ, 0.7 ಸೆಕೆಂಡ್ ಬಿಡುವು ಅಂತ ಒಂದೇ ಸಮ ಬಂದರೆ? ಫೀಡರ್ ರಿಲೇ 78ಕ್ಕೆ ಹೋಗಿ ಪ್ರತಿ ಸಲ ಸೊನ್ನೆಗೆ ಬರುತ್ತದೆ. ಡಿಸ್ಕ್ 41 ಮುಂದಕ್ಕೆ, 35 ಹಿಂದಕ್ಕೆ, ಪ್ರತಿ ಸುತ್ತಿಗೂ 6 ಶೇಕಡಾ ಗಳಿಸುತ್ತದೆ. ಕೊನೆಗೆ ಮತ್ತೆ ಇನ್‌ಕಮರೇ ಹೋಗುತ್ತದೆ.

ಈ ಸಂದಿ ಮುಚ್ಚಲು ಎಷ್ಟು ಸಮಯ ಬೇಕು ಅಂತ ಲೆಕ್ಕ ಹಾಕಬಹುದು. ಬಿಡುವು ಹೊಡೆತದ 2.34 ಪಟ್ಟಿಗಿಂತ ಕಡಿಮೆ ಇದ್ದರೆ ಮಾತ್ರ ಡಿಸ್ಕ್ ಗಳಿಸುತ್ತದೆ. ಹೊಡೆತ 0.446 ಸೆಕೆಂಡ್ ಮುಟ್ಟಿದರೆ ಫೀಡರ್ ಹೇಗೂ ಟ್ರಿಪ್ ಆಗುತ್ತದೆ. ಎರಡನ್ನೂ ಗುಣಿಸಿದರೆ 1.04 ಸೆಕೆಂಡ್. ಹಾಗಾಗಿ 1.1 ಸೆಕೆಂಡ್ ಕೊಟ್ಟರೆ ಸಾಕು. ಕರೆಂಟ್ 400 ಆಂಪಿಯರ್‌ಗೆ ಇಳಿದರೆ ಈ ಮಿತಿ 0.85ಕ್ಕೆ ಇಳಿಯುತ್ತದೆ, ಆದ್ದರಿಂದ 1.1 ಅಲ್ಲೂ ನಡೆಯುತ್ತದೆ.

ಮೂರನೆಯದು ಫೀಡರ್ ರಿಲೇಗೂ ಡಿಸ್ಕ್‌ನ ಹಾಗೇ ಇನ್ವರ್ಸ್ ರೀಸೆಟ್ ಕೊಡುವುದು, ಸ್ಥಿರಾಂಕ ಇನ್‌ಕಮರ್ ಡಿಸ್ಕ್‌ನದೇ, ಅಂದರೆ 10. ಟೈಮ್ ಮಲ್ಟಿಪ್ಲೈಯರ್ 0.15 ಆದ್ದರಿಂದ ಪೂರ್ತಿ ರೀಸೆಟ್ 1.5 ಸೆಕೆಂಡ್. ನಮ್ಮ ಹೊಡೆತಗಳನ್ನು ಓಡಿಸಿದರೆ ಎರಡನೆಯದರ ನಂತರ 23 ಶೇಕಡಾ ಉಳಿಯುತ್ತದೆ, ಮೂರನೆಯದರ ನಂತರ 59. ನಾಲ್ಕನೆಯದು ಶುರುವಾಗಿ 0.18 ಸೆಕೆಂಡ್‌ಗೆ ಟ್ರಿಪ್. ಬ್ರೇಕರ್ ತೆರೆಯುವ ಹೊತ್ತು ಸೇರಿಸಿದರೂ ಇನ್‌ಕಮರ್ ಡಿಸ್ಕ್ ಅರ್ಧ ದಾರಿಯನ್ನೂ ದಾಟಿರುವುದಿಲ್ಲ.

ನನಗೆ ಈ ದಾರಿ ಹಿಡಿಸುವುದಕ್ಕೆ ಕಾರಣ ಬೇರೆ ಇದೆ. ಇಲ್ಲಿ ಫೀಡರ್ ಗಳಿಸಲು ಬಿಡುವು ಹೊಡೆತದ 3.36 ಪಟ್ಟಿಗಿಂತ ಕಡಿಮೆ ಇದ್ದರೆ ಸಾಕು, ಇನ್‌ಕಮರ್‌ಗೆ 2.34 ಪಟ್ಟಿಗಿಂತ ಕಡಿಮೆ ಬೇಕು. ಈ ಎರಡು ಅಂಕಿಗಳಲ್ಲಿ ಟೈಮ್ ಮಲ್ಟಿಪ್ಲೈಯರ್ ಹೊಡೆದುಹೋಗಿ, ಕರೆಂಟ್ ಎಷ್ಟು ಪಟ್ಟು ಅನ್ನುವುದಷ್ಟೇ ಉಳಿಯುತ್ತದೆ. ಫೀಡರ್‌ನ ಪಿಕಪ್ ಇನ್‌ಕಮರ್‌ಗಿಂತ ಕಡಿಮೆ ಇರುವ ತನಕ ಫೀಡರ್‌ನ ಪಟ್ಟೇ ಜಾಸ್ತಿ. ಆದ್ದರಿಂದ ಹೊಡೆತ ಮತ್ತು ಬಿಡುವು ಯಾವ ಅನುಪಾತದಲ್ಲಿ ಬಂದರೂ, ಇನ್‌ಕಮರ್ ಗಳಿಸುತ್ತಿದ್ದರೆ ಫೀಡರ್ ಅದಕ್ಕಿಂತ ವೇಗವಾಗಿ ಗಳಿಸುತ್ತಿರುತ್ತದೆ. 1.1 ಸೆಕೆಂಡ್ ಹಿಡಿದಿಡುವ ಸೆಟ್ಟಿಂಗ್‌ನಲ್ಲಿ ಲೆಕ್ಕ ಇಳಿಯುವುದೇ ಇಲ್ಲ, ಕೆಲಸ ನಡೆಯುತ್ತದೆ, ಆದರೆ ಸ್ವಲ್ಪ ಅವಸರದ ಸ್ವಭಾವ. ಇನ್ವರ್ಸ್ ರೀಸೆಟ್ ಬಿಡುವಿಗೆ ತಕ್ಕ ಬೆಲೆ ಕೊಡುತ್ತದೆ.

ಪರೀಕ್ಷೆ

ಒಂದೇ ಸಮ ಕರೆಂಟ್ ಕೊಟ್ಟು ನೋಡುವ ಪರೀಕ್ಷೆಯಲ್ಲಿ ರೀಸೆಟ್ ಯಾವತ್ತೂ ಕಾಣುವುದಿಲ್ಲ. ಕಿಟ್‌ನಲ್ಲಿ ಸೀಕ್ವೆನ್ಸ್ ಕೊಡುವ ಸೌಲಭ್ಯ ಇದ್ದರೆ ಸಾಕು. ಫೀಡರ್ ರಿಲೇಗೆ 2 ಆಂಪಿಯರ್ 0.25 ಸೆಕೆಂಡ್ ಕೊಡಿ. 0.5 ಸೆಕೆಂಡ್ ನಿಲ್ಲಿಸಿ. ಮತ್ತೆ 2 ಆಂಪಿಯರ್ ಕೊಟ್ಟು ಟ್ರಿಪ್ ಆಗುವ ತನಕ ಅಳೆಯಿರಿ. ಎರಡನೇ ಸಲದ ಸಮಯ 0.446 ಬಂದರೆ ರೀಸೆಟ್ ತಕ್ಷಣದ್ದು. 0.196 ಬಂದರೆ ಲೆಕ್ಕ ಹಿಡಿದಿಟ್ಟಿದೆ. 0.344ರ ಹತ್ತಿರ ಬಂದರೆ ಇನ್ವರ್ಸ್ ರೀಸೆಟ್, ಅದೂ ಸ್ಥಿರಾಂಕ 10ರಂತೆಯೇ ನಡೆದಿದೆ. ಸೆಟ್ಟಿಂಗ್ ಪರದೆಯ ಮೇಲೆ ಏನೇ ಬರೆದಿರಲಿ, ರಿಲೇ ಒಳಗೆ ಏನು ನಡೆಯುತ್ತದೆ ಅನ್ನುವುದು ಈ ಒಂದು ಅಂಕಿಯಲ್ಲಿ ಗೊತ್ತಾಗುತ್ತದೆ.

ಡಿಸ್ಕ್ ರಿಲೇಯಲ್ಲಿ ಕಾಂಟ್ಯಾಕ್ಟ್ ಮುಚ್ಚುವ ತನಕ ಕರೆಂಟ್ ಕೊಟ್ಟು, ಕಡಿದು, ಡಿಸ್ಕ್ ಹಿಂದಿನ ಸ್ಟಾಪ್ ಮುಟ್ಟುವ ಸಮಯ ಅಳೆಯಬೇಕು. ಇನ್ವರ್ಸ್ ರೀಸೆಟ್‌ಗೆ ಹಾಕುವ ಸ್ಥಿರಾಂಕ ಈ ಅಳತೆಯಿಂದಲೇ ಬರಬೇಕು. ಧೂಳು ಕೂತ ಡಿಸ್ಕ್, ಸುಸ್ತಾದ ಸ್ಪ್ರಿಂಗ್ ಇದ್ದರೆ ಕೈಪಿಡಿಯ ಅಂಕಿಗಿಂತ ನಿಧಾನ ಆಗಿರಬಹುದು.

ಇದೆಲ್ಲ ಕೇಬಲ್ ಫೀಡರ್‌ನ ಮಾತು, ಇಲ್ಲಿ ಆಟೋ ರೀಕ್ಲೋಸ್ (ತೆರೆದ ಬ್ರೇಕರ್ ತಾನಾಗಿಯೇ ಮತ್ತೆ ಮುಚ್ಚುವುದು) ಇಲ್ಲ. ಓವರ್‌ಹೆಡ್ ಲೈನ್ ಆಗಿದ್ದರೆ ಇದೇ ಸೆಟ್ಟಿಂಗ್ ಕಣ್ಣು ಮುಚ್ಚಿ ಹಾಕಬಾರದು. ಬ್ರೇಕರ್ ಚಿಕ್ಕ ಡೆಡ್ ಟೈಮ್ (ತೆರೆದೇ ಇರುವ ಹೊತ್ತು) ಮುಗಿಸಿ ಮತ್ತೆ ಮುಚ್ಚುವಾಗ ರಿಲೇಯಲ್ಲಿ ಹಿಂದಿನ ಲೆಕ್ಕ ಉಳಿದಿದ್ದರೆ, ಟ್ರಾನ್ಸ್‌ಫಾರ್ಮರ್‌ಗಳ ಇನ್‌ರಶ್ ಕರೆಂಟ್‌ಗೇ (ಚಾಲೂ ಆದ ಕ್ಷಣ ನುಗ್ಗುವ ಕರೆಂಟ್‌ಗೇ) ಟ್ರಿಪ್ ಆಗಿಬಿಡಬಹುದು. ಲೈನ್‌ನ ಮುಂದೆ ಪೋಲ್ ಮೇಲಿನ ರೀಕ್ಲೋಸರ್ ಇದ್ದರೆ ಅದರ ಪ್ರತಿ ಹೊಡೆತವೂ ಸಬ್‌ಸ್ಟೇಷನ್‌ನ ಫೀಡರ್ ರಿಲೇಯಲ್ಲಿ ಸೇರುತ್ತಾ ಹೋಗಿ, ರೀಕ್ಲೋಸರ್ ತನ್ನ ಸರದಿ ಮುಗಿಸುವ ಮೊದಲೇ ಫೀಡರ್ ಬ್ರೇಕರ್ ತೆರೆಯಬಹುದು. ಅಲ್ಲಿ ಫೀಡರ್‌ಗೆ ತಕ್ಷಣದ ರೀಸೆಟ್ಟೇ ಸರಿ ಆಗಬಹುದು. ಆಗ ಅದರ ಮೇಲಿನ ಇನ್‌ಕಮರ್ ಡಿಸ್ಕ್ ಆಗಿ ಉಳಿದಿದ್ದರೆ, ರೀಕ್ಲೋಸರ್‌ನ ಎಲ್ಲ ಹೊಡೆತ ಮತ್ತು ಡೆಡ್ ಟೈಮ್‌ಗಳನ್ನು ಇಟ್ಟುಕೊಂಡು ಆ ಡಿಸ್ಕ್ ಎಲ್ಲಿಗೆ ಮುಟ್ಟುತ್ತದೆ ಅಂತ ಮೇಲಿನ ಹಾಗೇ ಕೂಡಿ ಕಳೆದು ನೋಡಬೇಕು.

ಈ ಸಬ್‌ಸ್ಟೇಷನ್‌ನ ಐದು ಕೇಬಲ್ ಫೀಡರ್‌ಗಳಿಗೂ ಅರ್ಥ್ ಫಾಲ್ಟ್ ಎಲಿಮೆಂಟ್‌ಗೆ ಇನ್ವರ್ಸ್ ರೀಸೆಟ್ ಸರಿಯಾದ ಆಯ್ಕೆ. ಫೇಸ್ ಎಲಿಮೆಂಟ್‌ಗೂ ಅದೇ, ಆದರೆ ಅಲ್ಲಿ ಇನ್‌ಕಮರ್‌ನ ಗರಿಷ್ಠ ಲೋಡ್ ಹಿಡಿದು ಲೆಕ್ಕ ಮತ್ತೆ ಮಾಡಬೇಕು. ಸೆಟ್ಟಿಂಗ್ ಹಾಳೆಯಲ್ಲಿ ರೀಸೆಟ್ ಬಗೆ ಮತ್ತು ಸ್ಥಿರಾಂಕಕ್ಕೆ ಎರಡು ಕಾಲಂ ಸೇರಿಸಬೇಕು, ಖಾಲಿ ಬಿಡುವ ಹಾಗಿಲ್ಲ. ಎರಡನೇ ಹಂತದಲ್ಲಿ ಇನ್‌ಕಮರ್‌ಗೆ ನ್ಯೂಮರಿಕಲ್ ರಿಲೇ ಬಂದಾಗ ಅದಕ್ಕೂ ಇದೇ ಇನ್ವರ್ಸ್ ರೀಸೆಟ್ ಕೊಟ್ಟು, ಫೀಡರ್‌ಗೆ ಮಾಡಿದ ಅದೇ ಎರಡು ಹೊಡೆತದ ಪರೀಕ್ಷೆ ಮಾಡಿ, ಆಮೇಲೆ ಚಾರ್ಜ್ ಮಾಡಬೇಕು.